ಪಕೀಟೊ ಡಿ'ರಿವೇರಾ ಅವರ ಧ್ವನಿಮುದ್ರಿಕೆಗಳನ್ನು ಎಲ್ಲಿಂದ ಕೇಳಲು ಆರಂಭಿಸಬೇಕು?

ಪ್ರಶ್ನೆ
ಬರೆದವರು: ನೇತ್ರಾವತಿ ದಂಡೆಯವ

ಎಲ್ಲರಿಗೂ ನಮಸ್ಕಾರ. ನಾನು ಬಂಟ್ವಾಳ ತಾಲೂಕಿನವನು. ನಮ್ಮ ಕಡೆ ಸ್ಯಾಕ್ಸೋಫೋನ್ ಎಂದರೆ ಕದ್ರಿ ಗೋಪಾಲನಾಥರು. ದೇವಸ್ಥಾನದ ಉತ್ಸವದಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಆ ನಾದವನ್ನು ಕೇಳುತ್ತಲೇ ಬೆಳೆದ ನನಗೆ ಅದು ನಾಗಸ್ವರದಷ್ಟೇ ನಮ್ಮದಾದ ವಾದ್ಯ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ನುಡಿಸಿದ್ದರೆಂದು ತಿಳಿದ ಮೇಲೆ, ಇದೇ ವಾದ್ಯವನ್ನು ಬೇರೆ ನಾಡಿನವರು ಹೇಗೆ ಮಾತಾಡಿಸುತ್ತಾರೆಂದು ಕೇಳುವ ಆಸೆ ಹುಟ್ಟಿತು. ಹಾಗೆ ಹುಡುಕುತ್ತಾ ಹೋಗಿ ಕ್ಯೂಬಾ ಮೂಲದ ಪಕೀಟೊ ಡಿ'ರಿವೇರಾ ಅವರ ಧ್ವನಿಮುದ್ರಿಕೆಗಳಿಗೆ ಬಂದು ನಿಂತಿದ್ದೇನೆ.

ಒಂದು ತಿಂಗಳಿನಿಂದ ಕೇಳುತ್ತಿದ್ದೇನೆ. ಅವರ ಬೆರಳಿನ ವೇಗಕ್ಕೆ ಬೆರಗಾಗಿದ್ದೇನೆ. ಒಂದೊಂದು ಸ್ವರವೂ ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಕೇಳಿಸುತ್ತದೆ. ಆದರೆ ಮೂರು ನಾಲ್ಕು ರಚನೆಗಳಾದ ಮೇಲೆ ಕಿವಿ ದಣಿಯುತ್ತದೆ. ನಮ್ಮ ಸಂಗೀತದಲ್ಲಿ ಕಿವಿಗೆ ಶ್ರುತಿಯ ಆಸರೆಯಿದೆ, ರಾಗದ ಮೈಯಿದೆ. ಮೇಲ್ಕಾಲದಲ್ಲಿ ಎಷ್ಟೇ ಸ್ವರ ಸುರಿದರೂ ಎಲ್ಲಿಗೆ ಬಂದು ಸೇರುತ್ತಾರೆಂಬುದು ಕೇಳುಗನಿಗೆ ಗೊತ್ತಿರುತ್ತದೆ. ಇಲ್ಲಿ ಕಿವಿಯನ್ನು ಯಾವುದರ ಮೇಲೆ ಊರಬೇಕೆಂಬುದೇ ತಿಳಿಯುತ್ತಿಲ್ಲ. ತಪ್ಪು ನನ್ನ ಕೇಳುವ ಕ್ರಮದಲ್ಲಿಯೇ ಇರಬೇಕು, ಏಕೆಂದರೆ ಫೋನಿನಲ್ಲಿ ಹಿಂದುಮುಂದಿಲ್ಲದೆ ಸಿಕ್ಕಿದ್ದನ್ನೆಲ್ಲ ಕೇಳಿದ್ದೇನೆ. ಯಾವ ಮುದ್ರಿಕೆಯಿಂದ ಹೊರಟು ಯಾವುದರ ಕಡೆಗೆ ಹೋಗಬೇಕು, ಕೇಳುವಾಗ ಯಾವುದನ್ನು ಹಿಡಿದುಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಬರೆದವರು: ಹಡ್ಸನ್ ಆಚೆಯ ಕನ್ನಡಿಗ

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಇಪ್ಪತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಪಕೀಟೊ ಅವರ ಮುದ್ರಿಕೆಗಳನ್ನು ಕೇಳತೊಡಗಿದ್ದು ಇಲ್ಲಿಗೆ ಬಂದ ಮೇಲೆಯೇ. ನೀವು ಹೇಳುವ ದಣಿವನ್ನು ನಾನೂ ಅನುಭವಿಸಿದ್ದೇನೆ. ಅದಕ್ಕೆ ಮದ್ದಾಗಿ ಒದಗಿದ್ದು ಅವರ ಬದುಕಿನ ಕ್ರಮದಲ್ಲಿಯೇ ಮುದ್ರಿಕೆಗಳನ್ನು ಕೇಳಿದ್ದು.

ಅವರು ಹುಟ್ಟಿದ್ದು 1948ರಲ್ಲಿ, ಹವಾನಾ ನಗರದಲ್ಲಿ. ತಂದೆ ಟೀಟೊ ರಿವೇರಾ ಶಾಸ್ತ್ರೀಯ ಸ್ಯಾಕ್ಸೋಫೋನ್ ವಾದಕರು, ಜೊತೆಗೆ ವಾದ್ಯಗಳ ವ್ಯಾಪಾರಿ. ಮಗನಿಗೆ ಐದು ವರ್ಷವಾದಾಗ ಪುಟ್ಟ ಸೊಪ್ರಾನೊ ಸ್ಯಾಕ್ಸೋಫೋನನ್ನು ಕೈಗಿತ್ತು ತಾವೇ ಪಾಠ ಆರಂಭಿಸಿದರು. ಅಮೆರಿಕದ ಜಾಝ್ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರು 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆಸಿದ ಕಚೇರಿಯ ರೆಕಾರ್ಡನ್ನು ತಂದೆ ಮನೆಗೆ ತಂದಾಗ, ಆ ಸಭಾಂಗಣದ ಹೆಸರು ಮಗುವಿನ ಕಿವಿಗೆ 'ಕಾರ್ನೆ ಈ ಫ್ರಿಹೋಲ್' ಎಂದು, ಅಂದರೆ ಮಾಂಸ ಮತ್ತು ಕಾಳು ಎಂದು ಬಿದ್ದಿತಂತೆ. ಈ ಪ್ರಸಂಗವನ್ನು ಪಕೀಟೊ ಅವರೇ ಹೇಳಿಕೊಂಡಿದ್ದಾರೆ. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನೀವು ಮೊದಲು ಕೇಳಬೇಕೆಂದು ನಾನು ಹೇಳುವ ಮುದ್ರಿಕೆಯ ಒಂದು ಭಾಗ ಧ್ವನಿಮುದ್ರಣಗೊಂಡದ್ದು ಅದೇ ಕಾರ್ನೆಗಿ ಹಾಲ್‌ನಲ್ಲಿ.

ಆ ಮುದ್ರಿಕೆಯ ಹೆಸರು 'ಇರಾಕೆರೆ'. ಅದು ತಂಡದ ಹೆಸರೂ ಹೌದು. ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿ ಕಾಡು ಎಂಬರ್ಥದ ಪದ. ಪಿಯಾನೊ ವಾದಕ ಚೂಚೊ ವಾಲ್ಡೆಸ್, ಟ್ರಂಪೆಟ್ ವಾದಕ ಆರ್ತುರೊ ಸಂಡೋವಾಲ್ ಮತ್ತು ಪಕೀಟೊ ಮೊದಲಾದವರು 1973ರಲ್ಲಿ ಹವಾನಾದಲ್ಲಿ ಈ ತಂಡವನ್ನು ಕಟ್ಟಿದರು. ಕ್ರಾಂತಿಯ ನಂತರದ ಕ್ಯೂಬಾದಲ್ಲಿ ಜಾಝ್ ಎಂಬ ಹೆಸರನ್ನೇ ಅಧಿಕಾರಿಗಳು ಶತ್ರುದೇಶದ ಸಂಗೀತವೆಂದು ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಆಫ್ರಿಕಾ ಮೂಲದ ಪೂಜೆಗಳಲ್ಲಿ ಬಾರಿಸುವ ಬಾಟಾ ವಾದ್ಯಗಳನ್ನೂ ಕುಣಿತದ ಲಯಗಳನ್ನೂ ವಿದ್ಯುತ್ ಗಿಟಾರನ್ನೂ ಜಾಝ್ ಮನೋಧರ್ಮವನ್ನೂ ಅವರು ಒಟ್ಟಿಗೆ ತಂದರು. 1978ರಲ್ಲಿ ನ್ಯೂಯಾರ್ಕಿನ ಉತ್ಸವದಲ್ಲಿಯೂ ಸ್ವಿಟ್ಜರ್ಲೆಂಡಿನ ಮೊಂತ್ರೋ ಉತ್ಸವದಲ್ಲಿಯೂ ನುಡಿಸಿದ್ದನ್ನು ಸೇರಿಸಿ ಮರುವರ್ಷ ಹೊರತಂದ ಈ ಮುದ್ರಿಕೆಗೆ 1980ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಇದರಲ್ಲಿ ಮೋಟ್ಸಾರ್ಟ್ ಅವರ ಒಂದು ವಸ್ತುವನ್ನು ಆಧರಿಸಿದ ಅಡಾಜಿಯೊ, ಅಂದರೆ ನಿಧಾನಗತಿಯ ರಚನೆ, ಇದೆ. ಪಕೀಟೊ ಅಲ್ಲಿ ಅವಸರವಿಲ್ಲದೆ ನುಡಿಸುತ್ತಾರೆ. ಆ ಉಸಿರಿನ ಉದ್ದವನ್ನೂ ನಾದದ ದುಂಡುತನವನ್ನೂ ಮೊದಲು ಕಿವಿಗೆ ತುಂಬಿಕೊಳ್ಳಿ. ಅವರ ವೇಗವೆಲ್ಲ ಹೊರಟಿರುವುದು ಈ ಉಸಿರಿನಿಂದ.

ಅದೇ 1980ರಲ್ಲಿ ಪ್ರವಾಸದ ನಡುವೆ ಮ್ಯಾಡ್ರಿಡ್‌ನಲ್ಲಿ ತಂಡವನ್ನು ಬಿಟ್ಟ ಪಕೀಟೊ ಅಮೆರಿಕದಲ್ಲಿ ಆಶ್ರಯ ಪಡೆದರು. ಹೆಂಡತಿ ಮಗ ಕ್ಯೂಬಾದಲ್ಲಿಯೇ ಉಳಿದರು. ಮತ್ತೆ ಒಂದಾಗಲು ವರ್ಷಗಳೇ ಹಿಡಿದವು. 1981ರ 'ಬ್ಲೋಯಿನ್', 1982ರ 'ಮರಿಯೆಲ್' ಈ ಕಾಲದವು. ಮರಿಯೆಲ್ ಎಂಬುದು 1980ರಲ್ಲಿ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ದೇಶ ಬಿಟ್ಟು ಹೊರಟ ಬಂದರಿನ ಹೆಸರು. ನೀವು ಕೇಳಿ ದಣಿದದ್ದು ಬಹುಶಃ ಈ ದಶಕದ ಮುದ್ರಿಕೆಗಳನ್ನೇ. ಹೊಸ ಊರಿನಲ್ಲಿ ತನ್ನ ಕೈಯ ಬಲವನ್ನು ಪ್ರತಿ ಸಂಜೆಯೂ ತೋರಿಸಿಕೊಡಬೇಕಾದ ಕಲಾವಿದನ ತುರ್ತು ಅವುಗಳಲ್ಲಿದೆ ಎಂದು ನನಗನ್ನಿಸುತ್ತದೆ. ಅವುಗಳನ್ನು ಆಮೇಲೆ ಕೇಳಿ.

ಇರಾಕೆರೆಯಾದ ಮೇಲೆ ನೇರವಾಗಿ 1996ರ 'ಪೋರ್ಟ್ರೇಟ್ಸ್ ಆಫ್ ಕ್ಯೂಬಾ' ಮುದ್ರಿಕೆಗೆ ಬನ್ನಿ. ಅರ್ಜೆಂಟೀನಾದ ಕಾರ್ಲೊಸ್ ಫ್ರಾನ್ಸೆಟ್ಟಿ ದೊಡ್ಡ ವಾದ್ಯವೃಂದಕ್ಕೆ ಸಂಯೋಜಿಸಿಕೊಟ್ಟ ಕ್ಯೂಬಾದ ಹಳೆಯ ಹಾಡುಗಳು ಇದರಲ್ಲಿವೆ. ಇವು ಹಾಡುಗಳಾದ್ದರಿಂದ ನಿಮಗೆ ಹಿಡಿಯಲು ಒಂದು ಸಾಲು ಸಿಗುತ್ತದೆ. ಪಕೀಟೊ ಎಷ್ಟು ದೂರ ಹೋದರೂ ಆ ಸಾಲು ನಿಮ್ಮ ಕೈಯಲ್ಲಿರುತ್ತದೆ. 'ದ್ರೂಮೆ ನೆಗ್ರೀತಾ' ಎಂಬುದು ಜೋಗುಳ. 'ಕಡಲೆಕಾಯಿ ಮಾರುವವ' ಎಂಬ ಅರ್ಥದ 'ಎಲ್ ಮನಿಸೇರೊ' ಬೀದಿ ವ್ಯಾಪಾರಿಯ ಕೂಗಿನಿಂದ ಹುಟ್ಟಿದ್ದು. 1930ರ ಸುಮಾರಿಗೆ ಅಮೆರಿಕವನ್ನೆಲ್ಲ ಕುಣಿಸಿದ ಹಾಡು. ಈ ಎರಡನ್ನು ಹತ್ತು ಸಲ ಕೇಳಿದರೂ ಹೆಚ್ಚಾಗದು.

ಉತ್ತರ 2
ಬರೆದವರು: ಮೃದಂಗ ಕಲಿಯುವವಳು, ಮೈಸೂರು

ಮೇಲಿನವರು ಮುದ್ರಿಕೆಗಳ ದಾರಿಯನ್ನು ಚೆನ್ನಾಗಿ ತೋರಿಸಿದ್ದಾರೆ. ಕಿವಿಯನ್ನು ಯಾವುದರ ಮೇಲೆ ಊರಬೇಕು ಎಂಬ ಪ್ರಶ್ನೆಗೆ ಲಯದ ಕಡೆಯಿಂದ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಕ್ಯೂಬಾ ಸಂಗೀತಕ್ಕೆ ನೆಲವೆಂದರೆ ಕ್ಲಾವೆ. ಗಟ್ಟಿ ಮರದ ಎರಡು ಕೋಲುಗಳನ್ನು ಒಂದಕ್ಕೊಂದು ಬಡಿದು ಹುಟ್ಟಿಸುವ ಐದು ಪೆಟ್ಟುಗಳ ಒಂದು ವಿನ್ಯಾಸ ಅದು. ಹದಿನಾರು ಮಾತ್ರೆಗಳ ಸುತ್ತಿನಲ್ಲಿ 1, 4, 7, 11 ಮತ್ತು 13ನೆಯ ಮಾತ್ರೆಗಳ ಮೇಲೆ ಪೆಟ್ಟು ಬೀಳುತ್ತದೆ. ನಮ್ಮ ಮೃದಂಗದ ಸೊಲ್ಲಿನಲ್ಲಿ ಹೇಳುವುದಾದರೆ 'ತಕಿಟ ತಕಿಟ ತಕದಿಮಿ ತಕ ತಕದಿಮಿ'. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ಪೆಟ್ಟು. ಮೊದಲ ಎಂಟು ಮಾತ್ರೆಗಳಲ್ಲಿ ಮೂರು, ಮುಂದಿನ ಎಂಟರಲ್ಲಿ ಎರಡು. ಮೊದಲರ್ಧದಲ್ಲಿ ಎಳೆತವಿದೆ, ಎರಡನೆಯ ಅರ್ಧದಲ್ಲಿ ಬಿಡುವಿದೆ. ಕೆಲವು ಹಾಡುಗಳು ಎರಡು ಪೆಟ್ಟಿನ ಅರ್ಧದಿಂದ ಆರಂಭವಾಗುವುದೂ ಉಂಟು. ಹೇಗೆ ಆರಂಭವಾದರೂ ಆ ಸರದಿಯನ್ನು ಮುರಿಯದೆ ಕೊನೆಯವರೆಗೆ ಕಾಯುವುದು ಅಲ್ಲಿನ ಶಿಸ್ತು.

ಕೋಲುಗಳನ್ನು ಯಾರೂ ಬಡಿಯದಿದ್ದಾಗಲೂ ಕ್ಲಾವೆ ಎಲ್ಲರ ಮನಸ್ಸಿನಲ್ಲಿ ಓಡುತ್ತಿರುತ್ತದೆ ಎಂಬುದು ಮುಖ್ಯ. ಪಿಯಾನೊ ಮತ್ತೆ ಮತ್ತೆ ನುಡಿಸುವ ಮೊಂತೂನೊ ಎಂಬ ವಿನ್ಯಾಸ ಅದಕ್ಕೆ ಹೊಂದಿಕೊಂಡಿರುತ್ತದೆ. ಬಾಸ್ ವಾದ್ಯ ಬಹಳಷ್ಟು ಸಲ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಸ್ವಲ್ಪ ಮೊದಲೇ ಬಂದು ನಿಲ್ಲುತ್ತದೆ. ಸಮಕ್ಕೆ ಕಾದು ಕುಳಿತ ನಮ್ಮ ಕಿವಿ ಎಡವುವುದು ಇಲ್ಲಿಯೇ. ನಾನು ಮೊದಲು ಆದಿತಾಳ ಹಾಕಿಕೊಂಡು ಕೇಳಿದೆ. ಎಣಿಕೆ ಸರಿಹೋಯಿತು, ಸಂಗೀತ ಕೈಗೆ ಸಿಗಲಿಲ್ಲ. ತಾಳವನ್ನು ಬಿಟ್ಟು ಮೇಲಿನ ಸೊಲ್ಲನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಕೇಳತೊಡಗಿದ ಮೇಲೆ ಪಕೀಟೊ ಅವರ ಓಟದಲ್ಲಿ ಮಾತು ಕೇಳಿಸಿತು. ಐವತ್ತು ಸ್ವರಗಳ ಒಂದು ಸುರಿಮಳೆಯಲ್ಲಿ ಒತ್ತು ಬೀಳುವುದು ನಾಲ್ಕೈದು ಸ್ವರಗಳಿಗೆ ಮಾತ್ರ, ಆ ಒತ್ತುಗಳನ್ನು ಕ್ಲಾವೆಯ ಜೊತೆ ಇಟ್ಟು ನೋಡಿದರೆ ಒಂದು ಉತ್ತರ ಪ್ರತ್ಯುತ್ತರ ನಡೆದಿರುವುದು ತಿಳಿಯುತ್ತದೆ. ಕಚೇರಿಯ ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯಗಳು ಮಾತ್ರ ನುಡಿಯುವ ಭಾಗದಲ್ಲಿ, ಮುಕ್ತಾಯದ ಕಡೆಗೆ ಲೆಕ್ಕ ನಡೆಯುವುದನ್ನು ಕೇಳಿ ಅಭ್ಯಾಸವಿರುವ ನಿಮಗೆ ಇದು ಕಷ್ಟವಾಗಲಾರದು.

ಇನ್ನೊಂದು ಮಾತು. ಗೋಪಾಲನಾಥರು ಸ್ವರದಿಂದ ಸ್ವರಕ್ಕೆ ಜಾರುತ್ತಾ, ಗಮಕದಲ್ಲಿ ಒಂದನ್ನು ಇನ್ನೊಂದರೊಳಗೆ ಕರಗಿಸುತ್ತಾ ನುಡಿಸಿದವರು. ಪಕೀಟೊ ನಾಲಿಗೆಯಿಂದ ಪ್ರತಿ ಸ್ವರಕ್ಕೂ ಅಂಚು ಕೊಡುವವರು. ಅವರಲ್ಲಿ ಗಮಕವನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಮೃದಂಗದ ಕಿವಿಯಿಂದ ಕೇಳಿ.

ಉತ್ತರ 3
ಬರೆದವರು: ಹಳೆಯ ರೆಕಾರ್ಡುಗಳ ಸಂಗ್ರಹಕಾರ, ಬೆಂಗಳೂರು

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಆರಂಭದ ಸ್ಥಳದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಪಕೀಟೊ ಅವರ ಆಲ್ಟೊ ಸ್ಯಾಕ್ಸೋಫೋನಿನ ಹಿಂದೆ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಇದ್ದಾರೆ; ಪಾರ್ಕರ್ ಕ್ಯೂಬಾದ ಲಯಕ್ಕೆ ಕಾಲಿಟ್ಟ ಗಳಿಗೆಯೂ ಧ್ವನಿಮುದ್ರಣವಾಗಿ ಉಳಿದಿದೆ. ಹವಾನಾದಿಂದ 1930ರಲ್ಲಿ ನ್ಯೂಯಾರ್ಕಿಗೆ ಬಂದ ಮಾರಿಯೊ ಬೌಸಾ, ತಮ್ಮ ಭಾವಮೈದುನ ಮಚೀತೊ ಅವರ ತಂಡದಲ್ಲಿ ಕ್ಯೂಬಾದ ತಾಳವಾದ್ಯಗಳಿಗೆ ಜಾಝ್ ಬ್ಯಾಂಡಿನ ತುತ್ತೂರಿ ಸಾಲನ್ನು ಬೆಸೆದರು. 1943ರ 'ಟಾಂಗಾ' ಈ ಪ್ರಕಾರದ ಮೊದಲ ರಚನೆಯೆಂದು ಹೆಸರಾಗಿದೆ. ಅದೇ ತಂಡದೊಡನೆ ಪಾರ್ಕರ್ 1948ರಲ್ಲಿ 'ಮ್ಯಾಂಗೊ ಮಂಗ್ವೆ'ಯನ್ನೂ 1950ರಲ್ಲಿ ಚೀಕೊ ಓ'ಫ್ಯಾರಿಲ್ ಬರೆದ 'ಆಫ್ರೊ-ಕ್ಯೂಬನ್ ಜಾಝ್ ಸ್ವೀಟ್' ಕೃತಿಯನ್ನೂ ನುಡಿಸಿದರು.

'ಮ್ಯಾಂಗೊ ಮಂಗ್ವೆ' ಮೂರು ನಿಮಿಷದ ಆಸುಪಾಸಿನದು. ಕ್ಲಾವೆಯನ್ನು ಹುಟ್ಟಿನಿಂದ ಬಲ್ಲವರ ನಡುವೆ ಅದನ್ನು ಅರಿಯದ ಮಹಾಪ್ರತಿಭೆಯೊಂದು ಅತಿಥಿಯಾಗಿ ಹಾರಾಡುವುದನ್ನು ಅಲ್ಲಿ ಕೇಳುತ್ತೀರಿ. ಆಮೇಲೆ ಪಕೀಟೊ ಅವರನ್ನು ಕೇಳಿದರೆ, ಪಾರ್ಕರ್ ಅವರ ಭಾಷೆಯನ್ನು ಕ್ಲಾವೆಯ ಮನೆಯಲ್ಲಿಯೇ ಹುಟ್ಟಿದವರೊಬ್ಬರು ಆಡಿದಾಗ ಏನಾಗುತ್ತದೆಂಬುದು ತಾನಾಗಿ ತಿಳಿಯುತ್ತದೆ. ಈ ವ್ಯತ್ಯಾಸವನ್ನು ಕೇಳದೆ ಪಕೀಟೊ ಅವರ ಸಾಧನೆಯ ತೂಕ ತಿಳಿಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಯಾಕ್ಸೋಫೋನ್ ಗಂಟಲು ಬಿಟ್ಟು ಅಳಬೇಕು ಎಂಬ ಆಸೆ ನಿಮಗಿದ್ದರೆ, ಅರ್ಜೆಂಟೀನಾದ ಗಾಟೊ ಬಾರ್ಬಿಯೇರಿ ಅವರ 1973ರ 'ಚಾಪ್ಟರ್ ಒನ್: ಲ್ಯಾಟಿನ್ ಅಮೆರಿಕ' ಕೇಳಿ. ಆಂಡೀಸ್ ಬೆಟ್ಟಗಳ ಕೊಳಲು, ಚರಾಂಗೊ ತಂತಿವಾದ್ಯಗಳ ನಡುವೆ ಅವರ ಟೆನರ್ ಸ್ಯಾಕ್ಸೋಫೋನ್ ಬಿರುಸಾಗಿ, ಒರಟಾಗಿ ಕೂಗುತ್ತದೆ. ಪಕೀಟೊ ಹಾಗೆ ಕೂಗುವುದಿಲ್ಲ. ತಂದೆಯಿಂದ ಬಂದ ಶಾಸ್ತ್ರೀಯ ಶಿಸ್ತು ಅವರನ್ನು ಎಂದೂ ಬಿಟ್ಟಿಲ್ಲ. ಅವರ ದುಃಖವನ್ನು ಸ್ವಚ್ಛವಾದ ಸ್ವರದೊಳಗೇ ಕೇಳಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರಿಂದ
ಬರೆದವರು: ನೇತ್ರಾವತಿ ದಂಡೆಯವ

ಮೂವರಿಗೂ ಹೃದಯಪೂರ್ವಕ ವಂದನೆಗಳು. ಉತ್ತರ ಬರೆಯಲು ಹದಿನೈದು ದಿನ ತೆಗೆದುಕೊಂಡದ್ದಕ್ಕೆ ಕ್ಷಮೆಯಿರಲಿ. ಕೇಳದೆ ಬರೆಯುವುದು ಬೇಡವೆಂದುಕೊಂಡೆ. ಅಡಾಜಿಯೊ ಕೇಳಿದ ಮೊದಲ ರಾತ್ರಿ ಬೇರೇನನ್ನೂ ಕೇಳಲಾಗಲಿಲ್ಲ. ಆಮೇಲೆ ಜೋಗುಳ, ಕಡಲೆಕಾಯಿಯವನ ಹಾಡು. ಬೆಳಿಗ್ಗೆ ತೋಟಕ್ಕೆ ನೀರು ಬಿಡುವಾಗ 'ತಕಿಟ ತಕಿಟ ತಕದಿಮಿ ತಕ ತಕದಿಮಿ' ಎಂದು ಹೇಳಿಕೊಂಡು ಓಡಾಡಿದೆ. ನಾಲ್ಕನೆಯ ದಿನ 'ಎಲ್ ಮನಿಸೇರೊ' ಕೇಳುವಾಗ ಸೊಲ್ಲು ಬಾಯಿಗೆ ಬರುವ ಮೊದಲೇ ಕಾಲು ಅದನ್ನು ಹಿಡಿದಿತ್ತು. ಹಿಂದೆ ನನ್ನನ್ನು ದಣಿಸಿದ್ದ 'ಮರಿಯೆಲ್' ಮುದ್ರಿಕೆಯನ್ನು ನಿನ್ನೆ ಮತ್ತೆ ಕೇಳಿದೆ. ಇದು ಪ್ರದರ್ಶನದ ಓಟವಲ್ಲ, ಹೇಳಬೇಕಾದದ್ದು ಬಹಳವಿದ್ದು ಕಾಲ ಸಾಲದೆ ಮಾತಾಡುವವನ ವೇಗ ಎಂದು ನನಗನ್ನಿಸಿತು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಕೆಲವು ಮುದ್ರಿಕೆಗಳಲ್ಲಿ ಅವರು ಕ್ಲಾರಿನೆಟ್ ನುಡಿಸಿದ್ದಾರೆ. ನನಗೆ ಅದು ಸ್ಯಾಕ್ಸೋಫೋನಿಗಿಂತಲೂ ಹತ್ತಿರವಾಗುತ್ತಿದೆ. ಅದಕ್ಕೆ ಯಾವುದನ್ನು ಹಿಡಿಯಲಿ?

ಉತ್ತರ 4
ಬರೆದವರು: ಹಡ್ಸನ್ ಆಚೆಯ ಕನ್ನಡಿಗ

2013ರ 'ಸಾಂಗ್ ಫಾರ್ ಮೌರಾ' ಕೇಳಿ. ಮೌರಾ ಎಂಬುದು ಅವರ ತಾಯಿಯ ಹೆಸರು. ಬ್ರೆಜಿಲ್‌ನ ತ್ರಿಯೊ ಕೊರೆಂತೆ ಎಂಬ ಮೂವರ ತಂಡದೊಡನೆ ನುಡಿಸಿದ ಈ ಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ಇಲ್ಲಿನ ಶೋರೊ ರಚನೆಗಳು ರಿಯೊ ನಗರದ ಹಳೆಯ ಸಂಪ್ರದಾಯದವು, ಬ್ರೆಜಿಲ್‌ನವು. ಆದ್ದರಿಂದ ಕ್ಯೂಬಾದ ಕ್ಲಾವೆಯನ್ನು ಅವುಗಳಲ್ಲಿ ಹುಡುಕಬೇಡಿ, ಅವುಗಳ ತೂಗಾಟವೇ ಬೇರೆ. ವಾದ್ಯಗಳು ಕಡಿಮೆಯಿರುವುದರಿಂದ ಪಕೀಟೊ ಅವರ ಉಸಿರು ಹತ್ತಿರದಿಂದ ಕೇಳಿಸುತ್ತದೆ.

ಅದಾದ ಮೇಲೆ ಎರಡು ಮುದ್ರಿಕೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದು, 1994ರ 'ಬೆಬೊ ರೈಡ್ಸ್ ಅಗೇನ್'. ಚೂಚೊ ಅವರ ತಂದೆ ಬೆಬೊ ವಾಲ್ಡೆಸ್ 1960ರಲ್ಲಿ ಕ್ಯೂಬಾ ಬಿಟ್ಟು ಸ್ವೀಡನ್‌ನಲ್ಲಿ ನೆಲೆಸಿ ಹೊರಜಗತ್ತಿಗೆ ಮರೆತೇ ಹೋಗಿದ್ದಾಗ, ಅವರನ್ನು ಕರೆತಂದು ಮತ್ತೆ ಧ್ವನಿಮುದ್ರಣಕ್ಕೆ ಕೂರಿಸಿದವರು ಪಕೀಟೊ. ಇನ್ನೊಂದು, 2022ರ 'ಐ ಮಿಸ್ಡ್ ಯೂ ಟೂ'. 1980ರಲ್ಲಿ ಬೇರೆಯಾದ ಚೂಚೊ ಮತ್ತು ಪಕೀಟೊ ನಾಲ್ಕು ದಶಕಗಳ ನಂತರ ಮತ್ತೆ ಜೊತೆಯಾಗಿ ನುಡಿಸಿದ್ದು ಇದು. ಮೊದಲು ಇರಾಕೆರೆಯ ಅಡಾಜಿಯೊವನ್ನು ಇನ್ನೊಮ್ಮೆ ಕೇಳಿ, ಆಮೇಲೆ ಇದನ್ನು ಹಾಕಿ.