ಬೇರುಹುಳದ ಔಷಧಿ ಹೊಯ್ದ ಬುಡಕ್ಕೆ ಟ್ರೈಕೋಡರ್ಮಾ ಯಾವಾಗ ಕೊಡಬಹುದು?

ಕೇಳಿದವರು: ಅಡಿಕೆ ತೋಟದಲ್ಲಿ ಬೇರುಹುಳಕ್ಕೆ ಕ್ಲೋರೋಪೈರಿಫಾಸ್ 20 ಇಸಿ ಕೀಟನಾಶಕ ಬುಡಕ್ಕೆ ಹೊಯ್ದು ವಾರವಾಯಿತು. ಅದೇ ಸಾಲಿನಲ್ಲಿ ಬೇರು ಕೊಳೆಸುವ ಶಿಲೀಂಧ್ರದ ಅಣಬೆ ರೋಗವೂ ಕಾಣಿಸಿದೆ. ಆ ರೋಗವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಈಗಲೇ ಕೊಟ್ಟರೆ ಸಾಯುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯಿಂದ: ಟ್ರೈಕೋಡರ್ಮಾಕ್ಕೆ ಮಣ್ಣಿಗಿಳಿದ ಔಷಧಿಗಿಂತ ಕಲಸುವ ಡ್ರಮ್ಮಿನಲ್ಲಿರುವ ಔಷಧಿಯೇ ಹೆಚ್ಚು ಅಪಾಯ. ಇಸಿ ಅಂದರೆ ವಿಷದ ಜೊತೆ ಎಣ್ಣೆಯಂಥ ದ್ರಾವಕ, ಅದನ್ನು ನೀರಿಗೆ ಬೆರೆಸುವ ಎಮಲ್ಸಿಫೈಯರ್ ಎರಡೂ ಇರುತ್ತವೆ. ಬೀಜಾಣು ಮೊಳೆಯದಂತೆ ಇವೂ ಕೆಡಿಸುತ್ತವೆ. ಹಾಗಾಗಿ ಒಟ್ಟಿಗೆ ಕಲಸಲೇಬೇಡಿ. ಅದೇ ಡ್ರಮ್ ಬಳಸುವುದಾದರೆ ಸೋಪು ಹಾಕಿ ತಿಕ್ಕಿ, ಬರೀ ನೀರಿಗೆ ಜಿಡ್ಡು ಹೋಗುವುದಿಲ್ಲ. ಮಣ್ಣಿಗೆ ಬಿದ್ದದ್ದು ಬಹುಪಾಲು ಸಾವಯವ ಅಂಶಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಸೂಕ್ಷ್ಮಾಣುಗಳೇ ಅದನ್ನು ಒಡೆಯುತ್ತವೆ. ಒಡೆದಾಗ ಬರುವ ಟಿಸಿಪಿ ಎಂಬ ರಾಸಾಯನಿಕ ಮಾತ್ರ ಆ ಸೂಕ್ಷ್ಮಾಣುಗಳಿಗೇ ವಿಷ. ಔಷಧಿ ಹೊಯ್ದ ದಿನದಿಂದ 3-4 ವಾರ ಬಿಡುವುದು ಒಳ್ಳೆಯದು.

ವಿಟ್ಲದಿಂದ: ಅಷ್ಟು ದಿನ ಸುಮ್ಮನೆ ಕೂರುವ ಬದಲು ಗೊಬ್ಬರದಲ್ಲಿ ಬೆಳೆಸಿಕೊಳ್ಳಿ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ 90 ಕೆ.ಜಿ., ಬೇವಿನ ಹಿಂಡಿ 10 ಕೆ.ಜಿ., ಟ್ರೈಕೋಡರ್ಮಾ ಪುಡಿ 1 ಕೆ.ಜಿ. ನೆರಳಲ್ಲಿ ನೀರು ಚಿಮುಕಿಸಿ ಕಲಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿ ಮುಚ್ಚಿ, 4-5 ದಿನಕ್ಕೊಮ್ಮೆ ಮಗುಚಿ. ಸುಮಾರು 15 ದಿನಕ್ಕೆ ಬಿಳಿ ಬಲೆ ಹಬ್ಬಿ ಮೇಲೆ ಹಸಿರು ಕೂರುತ್ತದೆ. ಹಸಿ ಸಗಣಿ ಸೇರಿದರೆ ರಾಶಿ ಬಿಸಿಯೇರಿ ಎಲ್ಲ ಹಾಳು. ಬುಡಕ್ಕೆ ಹಾಕಿದ ಕೂಡಲೇ ಮಣ್ಣು, ಸೊಪ್ಪು ಮುಚ್ಚಿ.

ಶಿರಸಿಯಿಂದ: ಎಲ್ಲರೂ ಕೀಟನಾಶಕವನ್ನೇ ಬೈಯುತ್ತೀರಿ. ಅದು ಹುಳದ ನರಕ್ಕೆ ಹೊಡೆಯುವ ವಿಷ, ಶಿಲೀಂಧ್ರಕ್ಕೆ ನರವೇ ಇಲ್ಲ. ಅಡ್ಡಪೆಟ್ಟು ಬೀಳುತ್ತದೆ ಅಷ್ಟೇ. ನೇರ ಪೆಟ್ಟು ಶಿಲೀಂಧ್ರನಾಶಕದ್ದು. ಅಣಬೆ ರೋಗಕ್ಕೆಂದು ಹೆಕ್ಸಾಕೊನಜೋಲ್ ಹೊಯ್ದು ಮರುವಾರವೇ ಟ್ರೈಕೋಡರ್ಮಾ ಹಾಕುವವರಿದ್ದಾರೆ. ದುಡ್ಡು ಹೊಳೆಗೆ ಚೆಲ್ಲಿದ ಹಾಗೆ! ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ತಾಮ್ರವೂ ಬುಡಕ್ಕಿಳಿಯುತ್ತದೆ. ಅದು ಒಡೆದುಹೋಗುವ ವಸ್ತುವಲ್ಲ, ವರ್ಷ ವರ್ಷ ಮಣ್ಣಲ್ಲಿ ಕೂಡುತ್ತಾ ಹೋಗುತ್ತದೆ.

ಪುತ್ತೂರಿನಿಂದ: ಬೇರುಹುಳಕ್ಕೇ ಮೆಟಾರೈಜಿಯಂ ಎಂಬ ಹುಳ ಕೊಲ್ಲುವ ಶಿಲೀಂಧ್ರ ಹಾಕುವವರಿಗೂ ಇದೇ ಲೆಕ್ಕ. ಅದರ ಬೀಜಾಣು ಹುಳದ ಚರ್ಮದ ಮೇಲೆ ಮೊಳೆತು ಒಳಗಿಳಿಯಬೇಕು. ಮೊಳಕೆಯೇ ಕೆಟ್ಟರೆ ಹುಳ ಆರಾಮವಾಗಿರುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕ್ಲೋರೋಪೈರಿಫಾಸ್‌ಗಿಂತ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇದಕ್ಕೆ ಸೌಮ್ಯವೆಂದು ಕಂಡಿದೆ. ಹಾಗೆಂದು ಕಣ್ಣುಮುಚ್ಚಿ ಬೆರೆಸಬೇಡಿ, ಮೊದಲು ನೋಡಿ. ಉದುರುದುರಾದ ಅನ್ನವನ್ನು ಬಿಸಿಯಿರುವಾಗಲೇ ಮೂರು ಶುಚಿಯಾದ ಡಬ್ಬಿಗೆ ತುಂಬಿ ಮುಚ್ಚಿ, ಆರಲು ಬಿಡಿ. ಒಂದು ಹಾಗೇ ಇರಲಿ. ಎರಡನೆಯದಕ್ಕೆ ನೀರಲ್ಲಿ ಕದಡಿದ ಮೆಟಾರೈಜಿಯಂ ಪುಡಿ ಒಂದು ಚಮಚ. ಮೂರನೆಯದಕ್ಕೆ, ತೋಟಕ್ಕೆ ಹಾಕುವ ಹದದ ಔಷಧಿ ನೀರಲ್ಲಿ ಒಂದು ಗಂಟೆ ನೆನೆಸಿದ ಪುಡಿ; ಕೈಗವಸು ಹಾಕಿಕೊಳ್ಳಿ. ವಾರ-ಹತ್ತು ದಿನದಲ್ಲಿ ಎರಡನೆಯದು ಹಸಿರಾಗಿ ಮೂರನೆಯದು ಬೋಳಾಗಿದ್ದರೆ ಬೆರಕೆ ಆಗದು. ಎರಡನೆಯದೂ ಬೋಳಾದರೆ ಪುಡಿಯೇ ಹಳತು, ಅಂಗಡಿಗೆ ವಾಪಸ್ ಕೊಡಿ. ಮೊದಲನೆಯದೂ ಹಸಿರಾದರೆ ಗಾಳಿಯ ಬೂಷ್ಟು ಹೊಕ್ಕಿದೆ, ಇನ್ನೊಮ್ಮೆ ಮಾಡಿ. ಔಷಧಿ ಬಿದ್ದ ಅನ್ನ ಕೋಳಿ, ನಾಯಿಗೆ ಸಿಗದಂತೆ ಆಳಕ್ಕೆ ಹೂಳಿ.