ಅಪ್‌ಡೇಟ್: ಅಮ್ಮನ ಅಡ್ರಿನಲ್ ಆಪರೇಷನ್ ಬೆನ್ನಿನ ಕಡೆಯಿಂದಲೇ ಆಯಿತು

ಅಮ್ಮನ ಎಡ ಅಡ್ರಿನಲ್ ಗ್ರಂಥಿಯಲ್ಲಿ (ಕಿಡ್ನಿ ಮೇಲೆ ಕೂತಿರೋ ಗ್ರಂಥಿ) ಫಿಯೋಕ್ರೊಮೊಸೈಟೋಮಾ, ಅಂದರೆ ಬಿಪಿ ಏರಿಸೋ ಹಾರ್ಮೋನ್ ಸುರಿಸುವ ಗಡ್ಡೆ ಇದೆ, ಕೀಹೋಲ್ ಆಪರೇಷನ್ ಹೊಟ್ಟೆ ಕಡೆಯಿಂದ ಮಾಡಿಸೋದಾ, ಬೆನ್ನಿನ ಕಡೆಯಿಂದಲಾ ಅಂತ ಕೇಳಿದ್ದೆನಲ್ಲ, ಅದು ಮುಗಿಯಿತು. ಬೆನ್ನಿನ ಕಡೆಯಿಂದ. ಗಡ್ಡೆ ಚಿಕ್ಕದು, ಮೇಲಾಗಿ ಹಿಂದೊಮ್ಮೆ ಹೊಟ್ಟೆ ಕೊಯ್ದು ಆಪರೇಷನ್ ಆಗಿದ್ದರಿಂದ ಒಳಗೆ ಕರುಳು ಅಂಟಿಕೊಂಡಿರಬಹುದು, ಹಿಂದಿನಿಂದ ಹೋದರೆ ಅದರ ಗೊಡವೆಯೇ ಇಲ್ಲ ಅಂದರು ಡಾಕ್ಟರ್. ಬೋರಲು ಮಲಗಿಸಿ, ಕೊನೇ ಪಕ್ಕೆಲುಬಿನ ಹತ್ತಿರ ಮೂರು ಸಣ್ಣ ತೂತು, ಅಷ್ಟೇ. ಗಡ್ಡೆ ತುಂಬಾ ದೊಡ್ಡದಾಗಿದ್ದರೆ ಅಲ್ಲಿ ಜಾಗ ಸಾಲದು, ಹೊಟ್ಟೆ ಕಡೆಯೇ ವಾಸಿಯಂತೆ.

ನಿಜವಾದ ತಲೆನೋವು ಅದಕ್ಕೂ ಮುಂಚಿನದು. ಆಪರೇಷನ್ ವೇಳೆ ಬಿಪಿ ಸರ್ರನೆ ಏರಬಾರದೆಂದು ವಾರಗಟ್ಟಲೆ ರಕ್ತನಾಳ ಸಡಿಲಿಸುವ ಪ್ರಜೋಸಿನ್ ಮಾತ್ರೆ, ಸಡಿಲಾದ ನಾಳ ತುಂಬಲೆಂದು ಜೊತೆಗೆ ನೀರು, ಉಪ್ಪು ಜಾಸ್ತಿ. ಬಿಪಿ ಇರೋಳಿಗೆ ಉಪ್ಪು ತಿನ್ನು ಅಂತಾರಲ್ಲೋ ಅಂತ ಅಮ್ಮ ನಂಬಲೇ ಇಲ್ಲ! ಎದ್ದರೆ ತಲೆಸುತ್ತು, ಮೂಗು ಬೇರೆ ಕಟ್ಟಿತ್ತು. ಮಾತ್ರೆ ಹಿಡಿದಿದೆ ಅಂತ ಅದರರ್ಥವಂತೆ. ಈಗ ಬಿಪಿ ಮಾತ್ರೆ ನಿಲ್ಲಿಸಿದ್ದಾರೆ. ಬಯಾಪ್ಸಿ ರಿಪೋರ್ಟ್ ಇನ್ನೂ ಬರಬೇಕು.