ಪೆನ್‌ಡ್ರೈವ್‌ನಿಂದ ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):
ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಮನೆಗೆ ತಂದು ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಗೊತ್ತಾಗದೆ ಒಂದನ್ನು ತೆರೆದೆ. ಆಗಿನಿಂದ ಕಂಪ್ಯೂಟರ್ ತುಂಬಾ ನಿಧಾನ. ರಿಪೇರಿಯವರು ಫಾರ್ಮ್ಯಾಟ್ ಅಂತಾರೆ. ಆದರೆ ತೀರಿಹೋದ ಅಪ್ಪನ ಫೋಟೊಗಳು ಅದರಲ್ಲೇ ಇವೆ. ಅವು ಹೋದರೆ ಮತ್ತೆ ಸಿಗಲ್ಲ. ವಿಂಡೋಸ್ 10 ಇದೆ.

ಉತ್ತರ 1:
ಗಾಬರಿ ಬೇಡ. ಮೊದಲು ಇಂಟರ್ನೆಟ್ ಆಫ್ ಮಾಡಿ. ವಿಂಡೋಸ್‌ನಲ್ಲೇ ಇರುವ 'ವಿಂಡೋಸ್ ಸೆಕ್ಯುರಿಟಿ' ಆ್ಯಪ್‌ನ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಇದೆ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುತ್ತದೆ. ಸುಮಾರು 15 ನಿಮಿಷ ಸಾಕು. ಆಮೇಲೆ ಪೆನ್‌ಡ್ರೈವ್ ಹಾಕಿ ಅದನ್ನೂ ಸ್ಕ್ಯಾನ್ ಮಾಡಿ. ಈ ಥರದ ವೈರಸ್ ಸಾಮಾನ್ಯವಾಗಿ ಫೈಲ್ ಅಳಿಸಲ್ಲ, ಬಚ್ಚಿಡುತ್ತದೆ. 'ಹಿಡನ್ ಐಟಮ್ಸ್' ಆನ್ ಮಾಡಿ ನೋಡಿ. ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಫೈಲ್ ಮರೆಮಾಡುವ ಟಿಕ್ ತೆಗೆಯಿರಿ.

ಉತ್ತರ 2 (ಚಿತ್ರದುರ್ಗ):
ಪಾಸ್‌ವರ್ಡ್‌ಗಳನ್ನು ಮೊಬೈಲ್‌ನಿಂದ ಬದಲಿಸಿ, ಆ ಕಂಪ್ಯೂಟರಿಂದ ಬೇಡ. ಖಾತೆಯಿಂದ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಬಹುದಾ ನೋಡಿ.

ಪ್ರಶ್ನೆ ಕೇಳಿದವರು:
ಸ್ಕ್ಯಾನ್‌ನಲ್ಲಿ ಮೂರು ವೈರಸ್ ಸಿಕ್ಕಿದ್ದವು, ಡಿಫೆಂಡರ್ ತೆಗೆಯಿತು. ಅಪ್ಪನ ಫೋಟೊ ಎಲ್ಲವೂ ಇವೆ! ಕಣ್ಣು ತುಂಬಿ ಬಂತು. ಇವತ್ತೇ ಹೊಸ ಹಾರ್ಡ್‌ಡಿಸ್ಕ್ ತಂದು ಕಾಪಿ ಮಾಡಿದೆ. ಇನ್ನು ಪ್ರಿಂಟ್‌ಗೆ ಪೆನ್‌ಡ್ರೈವ್ ಕೊಡಲ್ಲ, ಪಿಡಿಎಫ್ ಮೇಲ್ ಮಾಡುತ್ತೇನೆ.